ಹೆಸರಿಲ್ಲದ ಕಾಲುವೆಗೆ ಐದು ಸಹಿ

ಕಳೆದ ಆಷಾಢದ ಎರಡನೆಯ ಮಂಗಳವಾರ, ಬೆಳಿಗ್ಗೆ ಹತ್ತು ಮುಕ್ಕಾಲಿಗೆ, ನಾನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ರಸ್ತೆ ಮುಗಿಯುವಲ್ಲಿರುವ ಸಣ್ಣ ಸೇತುವೆಯ ಮೇಲೆ, ಅದರ ದಕ್ಷಿಣದ ಅಂಚಿನಲ್ಲಿ ನಿಂತಿದ್ದೆ. ಎಡಗೈ ಕಬ್ಬಿಣದ ಕಂಬಿಯ ಮೇಲಿತ್ತು, ಬಲಗೈಯಲ್ಲಿ ಊಟದ ಡಬ್ಬಿ. ಕೆಳಗೆ ಕಾಲುವೆಯಲ್ಲಿ, ನನ್ನಿಂದ ಸುಮಾರು ಮೂವತ್ತು ಅಡಿ ದೂರದಲ್ಲಿ, ಜೆಸಿಬಿಯೊಂದು ಹೂಳು ಎತ್ತುತ್ತಿತ್ತು. ಹೊಸ ಗೋಡೆ ಕಟ್ಟುವುದಕ್ಕೆಂದು ಮೇಲ್ಗಡೆ ಮರಳಿನ ಮೂಟೆಗಳನ್ನು ಅಡ್ಡವಿಟ್ಟು ಕೊಳಚೆ ನೀರನ್ನು ಒಂದು ಪಕ್ಕಕ್ಕೆ ತಿರುಗಿಸಿದ್ದರು. ಯಂತ್ರದ ಬಕೆಟ್ಟು ನಮ್ಮ ಮನೆಯೊಡತಿ ನೀಲಮ್ಮನವರ ಹಿತ್ತಲ ಗೋಡೆಯ ಬುಡಕ್ಕೆ ತಾಗಿ ಒಂದು ದೊಡ್ಡ ಹೆಂಟೆ ಮಣ್ಣನ್ನು ಎಳೆದುಹಾಕಿತು. ಮಣ್ಣು ಜಾರಿದ ಜಾಗದಲ್ಲಿ ಮೆಟ್ಟಿಲುಗಳು ಕಂಡವು.

ಏಳು ಮೆಟ್ಟಿಲು. ಎರಡು ಸಲ ಎಣಿಸಿದ್ದೇನೆ. ಎಂಟನೆಯದು ನೀಲಮ್ಮನವರ ಅಡುಗೆಮನೆಯ ಗೋಡೆಯ ಕೆಳಕ್ಕೆ ಹೋಗಿತ್ತು. ಅದರ ಮೂಲೆ ಮಾತ್ರ ಕಾಣುತ್ತಿದ್ದುದರಿಂದ ಎಣಿಕೆಗೆ ತೆಗೆದುಕೊಂಡಿಲ್ಲ. ಚಪ್ಪಡಿ ಕಲ್ಲಿನವು. ನಡುವೆ ಸವೆದಿದ್ದವು, ಬಹಳ ಜನ ಬಹಳ ಕಾಲ ಹತ್ತಿಳಿದರೆ ಸವೆಯುವಂತೆ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಬಲಬದಿಯ ಸಂದಿನಿಂದ ನೀರು ಉಕ್ಕುತ್ತಿತ್ತು. ಮೊದಲು ಒಂದು ಮೊರದಷ್ಟು ಅಗಲ, ಆಮೇಲೆ ಒಂದು ಚಾಪೆಯಷ್ಟು. ತಿಳಿ ನೀರು. ಕಲ್ಲಿನ ಮೇಲಿನ ಉಳಿಯ ಗೆರೆಗಳು ಅದರೊಳಗೆ ಕಾಣುತ್ತಿದ್ದವು. ಮೊಬೈಲಿನಲ್ಲಿ ಹೊತ್ತು ನೋಡಿದೆ. ಹನ್ನೊಂದು ಗಂಟೆ ಏಳು ನಿಮಿಷಕ್ಕೆ ಮರಳಿನ ಮೂಟೆಯೊಂದು ಜಾರಿ ಕಪ್ಪು ನೀರು ಒಳಕ್ಕೆ ನುಗ್ಗಿ ಅದನ್ನು ಮುಚ್ಚಿತು. ಅಷ್ಟು ಹೊತ್ತು, ಅಂದರೆ ಇಪ್ಪತ್ತೆರಡು ನಿಮಿಷ, ನಾನು ಬೆಂಗಳೂರಿನಲ್ಲಿ ಒಂದು ನದಿಯನ್ನು ನೋಡಿದೆ.

ಅದೇ ದಿನ ಮಧ್ಯಾಹ್ನ, ಅಲ್ಲಿ ಯಾವ ನದಿಯೂ ಇಲ್ಲ ಎಂಬ ಕಾಗದಕ್ಕೆ ಸಹಿ ಮಾಡಿದೆ.

ಹರಿಹರದ ನಮ್ಮ ಓಣಿಯ ಗೆಳೆಯರು ತಮ್ಮ ವಾರ್ಷಿಕ ಸಂಚಿಕೆಗೆ ಬೆಂಗಳೂರಿನ ಬದುಕಿನ ಬಗ್ಗೆ ಬರೆದುಕೊಡಲು ಕೇಳಿ ಮೂರು ವರ್ಷವಾಯಿತು. ಪ್ರತಿ ಸಲವೂ ಮುಂದಕ್ಕೆ ಹಾಕುತ್ತಿದ್ದೆ. ಈಗ ಬರೆಯುತ್ತಿದ್ದೇನೆ, ಆದರೆ ಅವರು ಕೇಳಿದ ಬಗೆಯ ಲೇಖನ ಇದಾಗುವುದಿಲ್ಲ.

ನನ್ನನ್ನು ಮರೆತವರಿಗಾಗಿ ಹೇಳುತ್ತೇನೆ. ನಾನು ಹಾಲೇಶಪ್ಪ. ಹರಿಹರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತುಹೋಯಿತು. ನನ್ನ ಸೋದರಮಾವನ ಮಗ ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ನಾಮಫಲಕದ ಅಂಗಡಿ ಇಟ್ಟಿದ್ದಾನೆ. ಹಿತ್ತಾಳೆ, ಸ್ಟೀಲ್ ತಗಡಿನ ಮೇಲೆ ಮನೆಗಳ ಹೆಸರು ಕೊರೆಯುವ ಕೆಲಸ. ಅಕ್ಷರ ಗೊತ್ತಿರುವವನು ಬೇಕು ಅಂದ. ನಾನೂ ನನ್ನ ಹೆಂಡತಿ ಸುಮಾಳೂ ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದೆವು. ನೀಲಮ್ಮನವರ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಅವರ ಗಂಡ ಪೇಟೆಯಲ್ಲಿ ಪಾತ್ರೆ ವ್ಯಾಪಾರಿಯಾಗಿದ್ದವರು, ಈಗಿಲ್ಲ. ಮಗ ಮಹೇಶ ಅದೇ ಅಂಗಡಿ ನಡೆಸುತ್ತಾನೆ, ಸಂಸಾರದೊಡನೆ ಮಹಡಿಯ ಮೇಲಿದ್ದಾನೆ. ನೀಲಮ್ಮನವರಿಗೆ ಎಪ್ಪತ್ತೆಂಟು. ಬೆಳಿಗ್ಗೆ ಆರಕ್ಕೆ ವಿಭೂತಿ ಧರಿಸಿ ಹಿತ್ತಲ ಬಾಗಿಲಲ್ಲಿ ಕೂತರೆ ಇಡೀ ರಸ್ತೆಯ ಸುದ್ದಿ ಅಲ್ಲಿಗೇ ಬರುತ್ತದೆ.

ಮೊದಲ ದಿನ ನನಗೆ ಅರ್ಥವಾಗದೆ ಹೋದದ್ದು ದಿಕ್ಕು. ನಮ್ಮೂರಿನಲ್ಲಿ ದಾರಿ ಹೇಳುವವರು ಹೊಳೆ ಕಡೆ ಅನ್ನುತ್ತಾರೆ, ಇಲ್ಲವೇ ಗುಡಿ ಕಡೆ ಅನ್ನುತ್ತಾರೆ. ಮಗುವಿಗೂ ಗೊತ್ತು. ಇಲ್ಲಿ ರಸ್ತೆಗಳಿಗೆ ನಂಬರು. ಉದ್ದನೆಯ ದೊಡ್ಡ ರಸ್ತೆ ‘ಮೇನ್’, ಅದನ್ನು ಅಡ್ಡ ಹಾಯುವುದು ‘ಕ್ರಾಸ್’. ಎರಡು ಅಂಕಿ ತಪ್ಪಿದರೆ ನೀವು ಬೇರೆಯವರ ಮನೆಯ ಗೇಟಿನ ಮುಂದೆ ನಿಂತಿರುತ್ತೀರಿ. ಮೊದಲ ತಿಂಗಳು ಹೀಗೆ ನಿಂತು ನಿಂತು ನನಗೆ ರೋಸಿಹೋಗಿತ್ತು. ನಾನು ಬಾಯಿ ಬಿಟ್ಟರೆ ಸಾಕು, “ಹುಬ್ಬಳ್ಳಿಯೋರಾ?” ಅನ್ನುವರು. ಅಲ್ಲ, ಹರಿಹರ ಅಂದರೆ, “ಅದೇ, ಹುಬ್ಬಳ್ಳಿ ಕಡೆ” ಅನ್ನುವರು. ತುಮಕೂರು ದಾಟಿದ ಮೇಲಿನದೆಲ್ಲ ಇವರಿಗೆ ಒಂದೇ ಊರು. ತಿಂಡಿಯದೂ ಇದೇ ಕಥೆ. ಮಂಡಕ್ಕಿ ಒಗ್ಗರಣೆ ಸಿಗುತ್ತದೆಯೇ ಎಂದು ಕೇಳಿದರೆ ಚುರುಮುರಿಯ ಗಾಡಿ ತೋರಿಸುತ್ತಾರೆ. ಅದು ಬೇರೆ, ಇದು ಬೇರೆ ಎಂದು ಎಷ್ಟು ಜನಕ್ಕೆ ವಿವರಿಸುವುದು.

ಇನ್ನೊಂದು ಮಾತು ಕಲಿತೆ, ‘ಸಂಪು’. ನೆಲದಡಿಯ ನೀರಿನ ತೊಟ್ಟಿ. ಮೇಲೆ ಕಬ್ಬಿಣದ ಮುಚ್ಚಳ. ಹೊಸ ಮನೆಗೆ ಬಂದ ಮೊದಲ ಶುಕ್ರವಾರ ಸುಮಾ ಅರಿಸಿನ ಕುಂಕುಮದ ತಟ್ಟೆ ಹಿಡಿದು ನೀಲಮ್ಮನವರ ಮುಂದೆ ನಿಂತಳು. ನಮ್ಮಲ್ಲಿ ಹೊಸ ಜಾಗದಲ್ಲಿ ಒಲೆ ಹಚ್ಚುವ ಮೊದಲು ಹೊಳೆಗೆ ಹೋಗಿ ಗಂಗೆಪೂಜೆ ಮಾಡಿ ಒಂದು ಚೊಂಬು ನೀರು ತರಬೇಕು.

“ಹೊಳಿ ಎತ್ತಾಗ ಐತ್ರಿ ಅಮ್ಮಾ?” ಎಂದು ಕೇಳಿದಳು.

ನೀಲಮ್ಮನವರು ಅವಳನ್ನು ಸ್ವಲ್ಪ ಹೊತ್ತು ನೋಡಿದರು. “ಹೊಳೆ ಎಲ್ಲಮ್ಮ ಇಲ್ಲಿ? ಸಂಪಿಗೇ ಮಾಡು. ಎಲ್ರೂ ಅಲ್ಲೇ ಮಾಡೋದು.”

“ಸಂಪಿಗ್ಯಾ?”

“ಹೂಂ. ಕಾವೇರಿ ನೀರೇ ಅಲ್ವಾ ಬರೋದು. ಕಾವೇರಿಗೆ ಮಾಡ್ದಂಗೇ ಆಯ್ತು.”

ಸುಮಾ ಸಂಪಿನ ತುಕ್ಕುಹಿಡಿದ ಮುಚ್ಚಳಕ್ಕೆ ಅರಿಸಿನ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿದಳು. ಆಮೇಲೆ ಒಳಗೆ ಬಂದು ನಕ್ಕಳು. ನಗು ಮುಗಿದ ಮೇಲೆ ಒಲೆ ಹಚ್ಚಿದಳು. ನಮ್ಮ ಕಿಟಕಿಯಿಂದ ಇಪ್ಪತ್ತು ಅಡಿ ದೂರದಲ್ಲಿ ಕಾಲುವೆ ನಾರುತ್ತ ಹರಿಯುತ್ತಿತ್ತು. ಅದನ್ನು ಇಲ್ಲಿಯವರು ಮೋರಿ ಅನ್ನುತ್ತಾರೆ, ನಾವು ಗಟಾರ ಅನ್ನುವುದನ್ನು. ಕಾಗದಪತ್ರಗಳಲ್ಲಿ ಅದು ರಾಜಕಾಲುವೆ. ಯಾವ ರಾಜ, ಎಲ್ಲಿಗೆ ಹೋಗುವ ಕಾಲುವೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅಥವಾ ಹಾಗೆಂದು ನಾನು ತಿಳಿದಿದ್ದೆ.

ಹೆಸರು ಕೊರೆಯುವ ಕೆಲಸ ಮಾಡುವವನಿಗೆ ಹೆಸರಿನ ಚಟ ಹತ್ತುತ್ತದೆ. ಮಾಮೂಲ್‌ಪೇಟೆಯ ಅಂಗಡಿಯಲ್ಲಿ ನಾನು ಕೊರೆಯುವ ಮನೆಗಳ ಹೆಸರುಗಳಲ್ಲಿ ನದಿಯವು ಬಹಳ. ಕಾವೇರಿ, ಶರಾವತಿ, ತುಂಗಾ, ನರ್ಮದಾ. ಒಮ್ಮೆ ಹರಿದ್ರಾ ಎಂದೂ ಬಂದಿತ್ತು. ನಮ್ಮೂರಲ್ಲಿ ತುಂಗಭದ್ರೆಯನ್ನು ಸೇರುವ ಹಳ್ಳದ ಹೆಸರು. ಯಾರ ಮನೆಗಪ್ಪ ಎಂದು ಓಡಿಹೋಗಿ ನೋಡಿದರೆ ಅವರ ಮಗಳ ಹೆಸರು ಅದು, ನಮ್ಮೂರನ್ನು ಅವರು ಕಂಡವರೇ ಅಲ್ಲ. ಇಷ್ಟು ನದಿಗಳನ್ನು ಕೊರೆದ ನಾನು ಬೆಂಗಳೂರಿನದೇ ಒಂದು ನದಿಯ ಹೆಸರನ್ನು ಒಂದು ಸಲವೂ ಕೊರೆದಿರಲಿಲ್ಲ. ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ.

ಗೊತ್ತಾದದ್ದು ಬಸವನಗುಡಿಯಲ್ಲಿ. ಒಂದು ಭಾನುವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ, ಹಣ್ಣುಕಾಯಿ ಮಾರುವ ಮುದುಕರೊಬ್ಬರು ತಾವಾಗಿಯೇ ಹೇಳಿದರು. ಬಸವನ ಪಾದದ ಬಳಿ ಒಂದು ನದಿ ಹುಟ್ಟುತ್ತದೆ, ಅದಕ್ಕೇ ಅದು ವೃಷಭಾವತಿ ಅಂತ. “ಎಲ್ಲಿದೆ ಈಗ?” ಅಂದೆ. ಅವರು ಕೈ ತೋರಿಸಿದ್ದು ನಮ್ಮ ಚಾಮರಾಜಪೇಟೆಯ ಕಡೆಗೆ, ಮೈಸೂರು ರಸ್ತೆಯ ಕಡೆಗೆ. “ಆ ಕಡೆ ಹೋಗಿ ಮೋರಿ ಆಗ್ಬಿಡ್ತು” ಅಂದರು, ಮದುವೆಯಾಗಿ ಹೋದ ಮಗಳ ಬಗ್ಗೆ ಹೇಳುವ ಹಾಗೆ.

ಆಮೇಲೆ ವಿಚಾರಿಸಿದೆ. ಮಲ್ಲೇಶ್ವರದ ಕಾಡುಮಲ್ಲೇಶ್ವರನ ಗುಡಿಯೆದುರಿನ ಕಲ್ಯಾಣಿಯಲ್ಲೂ ನಂದಿಯ ಬಾಯಿಂದ ನೀರು ಬೀಳುತ್ತದೆ, ಅದೂ ಇದೇ ನದಿಯ ಇನ್ನೊಂದು ಮೂಲ ಎಂದು ಅಲ್ಲಿಯವರು ಹೇಳುತ್ತಾರೆ. ಪ್ಲೇಗು ಬಂದು ಪೇಟೆಯ ಜನ ಇಕ್ಕಟ್ಟಿನಿಂದ ಹೊರಬರಬೇಕಾದಾಗ ಊರಿನ ಹೊರಗೆ ಹೊಸ ಬಡಾವಣೆಗಳನ್ನು ಮಾಡಿದರು. ಒಂದಕ್ಕೆ ಬಸವನ ಗುಡಿಯಿಂದ ಹೆಸರು, ಇನ್ನೊಂದಕ್ಕೆ ಮಲ್ಲೇಶ್ವರನಿಂದ. ಅದಕ್ಕೂ ಕೆಲವು ವರ್ಷ ಮೊದಲೇ ಆದ ನಮ್ಮ ಚಾಮರಾಜಪೇಟೆಗೆ ಒಬ್ಬ ಮಹಾರಾಜರಿಂದ. ಆಗ ಇವೆಲ್ಲ ಊರಾಚೆಯ ಜಾಗ, ನದಿಯ ಎರಡು ದಂಡೆಯ ಇಳಿಜಾರು. ಈಗ ಇವೇ ಹಳೆಯ ಬೆಂಗಳೂರು. ಗುಡಿಯ ಹೆಸರು ಉಳಿಯಿತು, ದೇವರ ಹೆಸರು ಉಳಿಯಿತು, ರಾಜರ ಹೆಸರು ಉಳಿಯಿತು. ಅದೇ ಬಸವನಿಂದ ಹುಟ್ಟಿದ ನದಿಯ ಹೆಸರು ಮಾತ್ರ ಅದರ ದಂಡೆಯ ಮೇಲೆ ಮಲಗುವವರ ಬಾಯಲ್ಲಿ ಇರಲಿಲ್ಲ.

ನಮ್ಮೂರನ್ನು ನೆನೆದುಕೊಂಡೆ. ಹಳೆಯ ಶಾಸನಗಳಲ್ಲಿ ಹರಿಹರಕ್ಕೆ ಕೂಡಲೂರು ಎಂದು ಹೆಸರಿತ್ತು, ಎರಡು ನೀರು ಕೂಡುವ ಊರು ಎಂದು ಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅರ್ಧ ಹರಿ, ಅರ್ಧ ಹರನಾದ ದೇವರಿಂದ ಈಗಿನ ಹೆಸರು ಬಂತು. ಊರಿನ ಹೆಸರು ಬದಲಾಯಿತು, ಹೊಳೆಯ ಹೆಸರನ್ನು ಯಾರೂ ಮುಟ್ಟಲಿಲ್ಲ. ಇಲ್ಲಿ ತಿರುಗಾಮುರುಗ. ನನಗೆ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ನಮ್ಮ ಮೋರಿಯ ನೀರು ಕೆಂಗೇರಿ ದಾಟಿ, ಅರ್ಕಾವತಿ ಸೇರಿ, ಕೊನೆಗೆ ಕಾವೇರಿಗೆ ಬೀಳುತ್ತದೆ. ಸಂಪಿನಲ್ಲಿ ಬರುವುದೂ ಕಾವೇರಿಯೇ, ಬಹಳ ದೂರದಿಂದ ಪಂಪು ಮಾಡಿ ತಂದದ್ದು. ಒಂದು ನದಿಗೆ ಅರಿಸಿನ ಹಚ್ಚಿ, ಇನ್ನೊಂದು ನದಿಯ ಕೈಯಲ್ಲಿ ಅದೇ ನದಿಗೆ ಹೊಲಸು ಕಳಿಸುತ್ತಿದ್ದೇವೆ. ಇದನ್ನು ನಮ್ಮ ರಸ್ತೆಯ ಸಂಘದ ಅಧ್ಯಕ್ಷರಾದ ರಂಗೇಗೌಡರಿಗೆ ಹೇಳಿದೆ. ಅವರು ಜಮೀನು ಮನೆಗಳ ವ್ಯವಹಾರದವರು, ವಾರ್ಡಿನ ರಾಜಕೀಯದವರು, ಒಳ್ಳೆಯ ಮನುಷ್ಯರು.

“ನೀವು ಬಂದು ಎಷ್ಟು ವರ್ಷ ಆಯ್ತು ಹಾಲೇಶಪ್ಪನೋರೆ?”

“ಮೂರು ವರ್ಷ ಆತ್ರಿ.”

“ಇನ್ನೊಂದು ಮೂರ್ ವರ್ಷ ಇರಿ. ವಾಸನೆ ಗೊತ್ತಾಗಲ್ಲ.”

ಈಗ ಆ ಮಂಗಳವಾರಕ್ಕೆ ಬರುತ್ತೇನೆ.

ಮೆಟ್ಟಿಲು ಕಂಡೊಡನೆ ಜೆಸಿಬಿ ನಡೆಸುತ್ತಿದ್ದವನು ಎಂಜಿನ್ ನಿಲ್ಲಿಸಿದ. ಅವನು ಹುಲಗಪ್ಪ, ಕೊಪ್ಪಳದ ಕಡೆಯವನು, ಮೂವತ್ತೈದರ ಆಸುಪಾಸು. ನಮ್ಮ ಮಾತಿನ ಜಾಡು ಒಂದೇ ಆದ್ದರಿಂದ ಎರಡು ವಾರದಲ್ಲಿ ಪರಿಚಯವಾಗಿತ್ತು. ಅವನು ಕೆಳಗಿನಿಂದ ಕೂಗಿ ಹೇಳಿದ: “ಅಣ್ಣಾರ, ಪಾವಟಿಗಿ ಅದಾವ್ರಿ. ಬುಗ್ಗಿ ಐತಿ ನೋಡ್ರಿ ಇಲ್ಲೆ.” ಪಾವಟಿಗೆ ಅಂದರೆ ಅವರ ಕಡೆ ಮೆಟ್ಟಿಲು. ಅವನು ಇಳಿದು, ಕೈ ತೊಳೆದು, ಬೊಗಸೆಯಲ್ಲಿ ನೀರು ಹಿಡಿದು ಮೂಸಿ ನೋಡಿದ. ಕುಡಿಯಲಿಲ್ಲ. ಮುಖಕ್ಕೆ ಚಿಮುಕಿಸಿಕೊಂಡ.

ಯಂತ್ರದ ಸದ್ದು ನಿಂತದ್ದಕ್ಕೆ ನೀಲಮ್ಮನವರು ಹಿತ್ತಲ ಬಾಗಿಲು ತೆರೆದರು. ಬಾಗಿಲಿಗೂ ಕಾಲುವೆಗೂ ನಡುವೆ ಒಂದೂವರೆ ಅಡಿಯ ಕಟ್ಟೆ ಇದೆ. ಅಲ್ಲಿ ನಿಂತು ಕೆಳಗೆ ನೋಡಿದರು. ಒಂದು ಕೈ ಚೌಕಟ್ಟಿನ ಮೇಲಿತ್ತು. ನಾನು ಸೇತುವೆಯ ಮೇಲೆ, ಅವರು ಕಟ್ಟೆಯ ಮೇಲೆ. ನಡುವೆ ಹನ್ನೆರಡು ಅಡಿ ಇದ್ದೀತು. ಅವರು ಹೇಳಿದ ಒಂದೊಂದು ಮಾತೂ ನನಗೆ ಕೇಳಿಸಿತು.

“ಅಯ್ಯೋ, ನಮ್ಮ ಸೋಪಾನ ಕಣಪ್ಪ ಇದು. ಗೌರಿ ಹಬ್ಬಕ್ಕೆ ಇಲ್ಲಿಂದಾನೇ ಗಂಗೆ ತರ್ತಿದ್ವಿ. ನಾನು ಮದುವೆ ಆಗಿ ಬಂದ ವರ್ಷ ನಮ್ಮತ್ತೆ ನನ್ನ ಕೈ ಹಿಡ್ಕೊಂಡು ಇಳಿಸಿದ್ರು. ಮಹೇಶ ಹುಟ್ಟಿ ಬಾಣಂತನ ಮುಗಿದಾಗ್ಲೂ ಇಲ್ಲೇ ಪೂಜೆ ಮಾಡ್ದೆ. ಮೂರನೇ ಮೆಟ್ಲು ಜಾರುತ್ತೆ, ನೋಡ್ಕೊಂಡು ಇಳಿ ಅಂತಿದ್ರು.”

ಹುಲಗಪ್ಪ ಮೂರನೆಯ ಮೆಟ್ಟಿಲ ಮೇಲೆ ಕಾಲಿಟ್ಟು ನೋಡಿದ. “ಖರೇ ಐತಿ ಅಜ್ಜಿ, ಜಾರತೈತಿ” ಅಂದ.

“ಅಮ್ಮಾ, ಹೆಸ್ರು ಏನಂತಿದ್ರು?” ಎಂದು ಕೇಳಿದೆ.

“ವೃಷಭಾವತಿ ಅಂತಲೇ ಅಂತಿದ್ವಿ. ಇನ್ನೇನಂತೀವಿ.”

ನಾಲ್ಕು ವರ್ಷದ ಹಿಂದೆ ಸುಮಾಳಿಗೆ ಸಂಪು ತೋರಿಸಿದ್ದು ಇದೇ ನೀಲಮ್ಮನವರು. ಆಗ ಅವರು ಮರೆತಿರಲಿಲ್ಲ. ಈಗ ಅದನ್ನು ಕೇಳುವ ಹೊತ್ತಲ್ಲ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ರಂಗೇಗೌಡರು ಬಂದು ನನ್ನ ಪಕ್ಕ ನಿಂತರು. ಅವರೂ ನೋಡಿದರು. ತಿಳಿ ನೀರು ಇನ್ನೂ ಇತ್ತು. ಆಮೇಲೆ ಮೆಲ್ಲಗೆ, “ಸರ್ವೆಯೋರು ಇವತ್ತೇ ಬರ್ತಾ ಇದಾರೆ” ಅಂದರು.

ಅದರ ಅರ್ಥ ನನಗೆ ಆಗ ಆಗಲಿಲ್ಲ. ಅವರು ವಿವರಿಸಿದರು. ಕಾಲುವೆಯ ಅಂಚಿನಿಂದ ಇಷ್ಟು ಅಂತ ಜಾಗ ಬಿಡಬೇಕು. ಅಂಚು ಎಂದರೆ ಈಗಿನ ಗೋಡೆ ಎಂದಾದರೆ ನೀಲಮ್ಮನವರ ಮನೆ ಹೇಗೋ ಉಳಿಯುತ್ತದೆ. ಅಂಚು ಎಂದರೆ ಈ ಮೆಟ್ಟಿಲು ಶುರುವಾಗುವ ಜಾಗ ಎಂದಾದರೆ, ಅದು ಅವರ ಅಡುಗೆಮನೆಯ ಒಳಗೇ ಇದೆ. ಅಲ್ಲಿಂದ ಅಳೆದರೆ ಅಡುಗೆಮನೆ, ನಡುಮನೆ, ಬಾಡಿಗೆಗಿದ್ದ ನಮ್ಮ ಎರಡು ಕೋಣೆ, ಆಚೆ ಈಚೆಯ ಐದು ಮನೆ, ಎಲ್ಲವನ್ನೂ ಒಡೆಯುತ್ತಾರೆ. ಮಳೆನೀರಿನ ಕಾಲುವೆಗೆ ಒಂದು ಅಳತೆ. ಹಳೆಯ ನದಿ ಎಂದು ಬರೆದುಕೊಂಡರೆ ಅಳತೆ ಎಲ್ಲಿಗೆ ಹೋಗುತ್ತದೋ ಯಾರಿಗೂ ತಿಳಿಯದು.

“ಕಲ್ಲಂತೂ ಅಲ್ಲೇ ಐತಲ್ರೀ ಗೌಡ್ರೆ” ಅಂದೆ.

“ಇದೆ. ಹೊಳೆ ಬೇಕು ಅನ್ಸಿದ್ರೆ ನಿಮಗೆ ನಿಮ್ಮೂರಿದೆ. ಒಂದು ಬಸ್ ಹತ್ತಿದ್ರೆ ಸಿಗುತ್ತೆ. ಈ ಅಜ್ಜಿ ಎಲ್ಲಿಗ್ ಹೋಗ್ಬೇಕು, ಹೇಳಿ.”

ಆಗಲೇ ಮೂಟೆ ಜಾರಿ ಕಪ್ಪು ನೀರು ನುಗ್ಗಿತು. ಮೇಲಿನ ಮೂರು ಮೆಟ್ಟಿಲು ಮಾತ್ರ ಕೆಸರು ಮೆತ್ತಿಕೊಂಡು ಕಾಣುತ್ತಿದ್ದವು.

ಸರ್ವೆಯವರು ಬಂದದ್ದು ಹನ್ನೆರಡೂವರೆಗೆ. ಮೂವತ್ತರೊಳಗಿನ ಹೆಣ್ಣುಮಗಳು, ಜೊತೆಗೆ ಟೇಪು ಹಿಡಿಯುವ ಇಬ್ಬರು. ಅವರು ಒರಟಾಗಿ ನಡೆದುಕೊಂಡರು ಎಂದು ನಾನು ಹೇಳಲಾರೆ. ಬಿಸಿಲಲ್ಲಿ ನಿಂತು ನಿಧಾನವಾಗಿ ಅಳೆದರು. ನೀಲಮ್ಮನವರ ಕಟ್ಟೆಯ ಕೆಳಗಿನ ಕಲ್ಲು ನೋಡಿ, “ಇದೇನು?” ಎಂದು ಕೇಳಿದರು.

“ಹಳೇ ಪಾಯ ಮೇಡಂ. ಯಾವ್ದೋ ಕಾಲದ್ದು” ಅಂದರು ರಂಗೇಗೌಡರು.

“ಮೆಟ್ಟಿಲ ಥರ ಇದೆ.”

“ಪಾಯ ಹಂಗೇ ಕಟ್ತಿದ್ರು ಆಗ.”

ಆಮೇಲೆ ಮಹಜರು. ನಮ್ಮವರಿಗೆ ಗೊತ್ತಿರುತ್ತದೆ, ಜಾಗವನ್ನು ಕಣ್ಣಾರೆ ನೋಡಿ, ಅಕ್ಕಪಕ್ಕದವರನ್ನು ಕೇಳಿ, ಅವರು ಹೇಳಿದ್ದನ್ನು ಬರೆದು ಸಹಿ ತೆಗೆದುಕೊಳ್ಳುವುದು. ಐದು ಜನ ಬೇಕಿತ್ತು. ನೀಲಮ್ಮ, ಮಹೇಶ, ರಂಗೇಗೌಡರು, ಎದುರುಮನೆಯ ನಿವೃತ್ತ ಮೇಷ್ಟ್ರು. ಒಬ್ಬರು ಕಡಿಮೆ ಬಿದ್ದರು. ರಂಗೇಗೌಡರು ನನ್ನ ಕಡೆ ತಿರುಗಿ, “ಹಾಲೇಶಪ್ಪನೋರು ಇದಾರಲ್ಲ, ನಮ್ಮವ್ರೇ” ಅಂದರು.

ನಾಲ್ಕು ವರ್ಷದಲ್ಲಿ ಆ ರಸ್ತೆಯಲ್ಲಿ ಯಾರೂ ನನಗೆ ಆ ಮಾತು ಅಂದಿರಲಿಲ್ಲ.

ಆ ಹೆಣ್ಣುಮಗಳು ಪ್ಯಾಡಿನ ಮೇಲೆ ಕಾಗದ ಇಟ್ಟುಕೊಂಡು ನೀಲಮ್ಮನವರನ್ನು ಕೇಳಿದರು. “ಅಜ್ಜಿ, ನೀವು ಇಲ್ಲಿ ಹಳಬರು. ಈ ಕಾಲುವೆಗೆ ಏನಾದ್ರೂ ಹೆಸರಿದೆಯಾ?”

“ಮೋರಿ.”

“ಹಂಗಲ್ಲ. ಹಿಂದೆ ಏನಾದ್ರೂ ಕರೀತಿದ್ರಾ?”

ನೀಲಮ್ಮನವರು ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. “ನಾನು ಮದುವೆ ಆಗಿ ಬಂದಾಗ್ಲಿಂದ ಮೋರಿನೇ ಮೇಡಂ.”

ಅವರು ಹೆಣ್ಣುಮಗಳ ಮುಖ ನೋಡಿಯೇ ಹೇಳಿದರು. ಹೇಳಿ ಮುಗಿದ ಮೇಲೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆ ಇತ್ತೇ, ಅಪ್ಪಣೆ ಇತ್ತೇ, ಇವತ್ತಿಗೂ ನನಗೆ ಖಚಿತವಿಲ್ಲ. ಖಚಿತವಿಲ್ಲದ್ದನ್ನು ಬರೆಯುವುದಿಲ್ಲ.

ಕಾಗದದಲ್ಲಿದ್ದದ್ದು ಹೀಗೆ: ಸದರಿ ಸ್ಥಳದಲ್ಲಿ ಮಳೆನೀರು ಕಾಲುವೆಯ ಹೊರತು ಯಾವುದೇ ನದಿ, ಹಳ್ಳ, ಸೋಪಾನ ಇರುವುದಿಲ್ಲವೆಂದೂ, ಸದರಿ ಕಾಲುವೆಗೆ ಪ್ರತ್ಯೇಕ ಹೆಸರು ಇರುವುದಿಲ್ಲವೆಂದೂ ಪಂಚರು ತಿಳಿಸಿರುತ್ತಾರೆ. ಕೆಳಗೆ ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ವಾಸ. ನನ್ನ ಸರದಿ ಬಂದಾಗ ಆ ಹೆಣ್ಣುಮಗಳು ಪೆನ್ನು ಕೊಡುವ ಮೊದಲು ಒಂದು ಗಳಿಗೆ ತಡೆದು, “ನೀವೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದರು. ಬಹುಶಃ ಎಲ್ಲರನ್ನೂ ಕೇಳುವ ಮಾತು. ನಾನು ಇಲ್ಲ ಎಂದೆ. ವಾಸ ಎಂಬಲ್ಲಿ ಚಾಮರಾಜಪೇಟೆ, ಬೆಂಗಳೂರು ಎಂದು ಬರೆದೆ. ಈ ಊರಿಗೆ ಬಂದಾಗಿನಿಂದ ಎಲ್ಲ ಕಾಗದಗಳಲ್ಲೂ ಹರಿಹರ ಎಂದೇ ಬರೆಯುತ್ತಿದ್ದೆ. ಆಧಾರ್ ಅಲ್ಲಿಯದು, ಓಟು ಅಲ್ಲಿಯದು. ನಾನು ಬೆಂಗಳೂರಿನವನು ಎಂದು ಸ್ವಂತ ಕೈಯಿಂದ ಬರೆದ ಮೊದಲ ಕಾಗದ ಅದು.

ಹೆಸರು ಕೊರೆಯುವಾಗ ನಾನು ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳುತ್ತೇನೆ, ಅಕ್ಷರ ವಾಲಬಾರದೆಂದು. ಅವತ್ತು ಗೆರೆಯಿಲ್ಲದೆ ಸಹಿ ನೇರವಾಗಿಯೇ ಬಂತು.

ಮನೆಗೆ ಬಂದು ಸುಮಾಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ನಾಳೆ ಯಾರರ ಬಂದು ತುಂಗಭದ್ರಾನೂ ಇಲ್ಲ ಅಂತ ಬರಕೊಡ್ರಿ ಅಂದ್ರೆ, ಬರಕೊಡ್ತೀರೇನು?” ಎಂದು ಕೇಳಿದಳು.

“ಅಜ್ಜಿ ಮನಿ ಹೋಗ್ತಿತ್ತು.”

“ಅದನ್ನ ನಾ ಕೇಳಿಲ್ಲ.” ಎರಡು ರೊಟ್ಟಿ ಆದ ಮೇಲೆ, “ನಾನಾದ್ರೂ ಬರಕೊಡ್ತಿದ್ದೆ. ಆದ್ರ ಬರಕೊಟ್ಟ ಮ್ಯಾಲ ಉಣ್ಣಾಕ ಆಗ್ತಿರಲಿಲ್ಲ” ಅಂದಳು. ನಾನು ಉಂಡೆ. ಇದನ್ನೂ ಬರೆಯಬೇಕು.

ಗೋಡೆಯ ಗುತ್ತಿಗೆದಾರ ಮಾರನೆಯ ದಿನ ಆ ಕಲ್ಲುಗಳನ್ನು ಒಡೆದು ತೆಗೆಯಲು ಹೇಳಿದ್ದ. ಮಧ್ಯಾಹ್ನ ನಾನು ಅಂಗಡಿಯಿಂದ ಬರುವುದರೊಳಗೆ ಅಲ್ಲಿ ಕಾಂಕ್ರೀಟು ಬಿದ್ದಿತ್ತು. ಟೀ ಅಂಗಡಿಯಲ್ಲಿ ಹುಲಗಪ್ಪ ಸಿಕ್ಕಿದ. ಅವನ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಯಿತು, ಅವನನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ.

“ಒಡದ್ಯಾ?” ಎಂದು ಕೇಳಿದೆ.

“ಇಲ್ರಿ.” ಅವನು ಲೋಟದೊಳಗೆ ನೋಡುತ್ತ ಹೇಳಿದ. “ಬೆಳಗಮುಂಜಾನೆ ಅವರು ಬರೋಕ್ಕಿಂತ ಮೊದಲ ಎರಡ ಲೋಡ್ ಉಸುಕ ಹಾಕಿ ಮುಚ್ಚೇನ್ರಿ. ಮ್ಯಾಲ ಕಾಂಕ್ರೀಟ್ ಬಿತ್ತು. ಪಾವಟಿಗಿ ಹಂಗೇ ಅದಾವು. ಯಾರಿಗೂ ಹೇಳಬ್ಯಾಡ್ರಿ, ಕೆಲಸ ಹೋಗತೈತಿ.”

“ಯಾಕ್ ಹಂಗ್ ಮಾಡ್ದೆ?”

“ಒಡಿಯೂದು ಯಾವಾಗಾದ್ರೂ ಒಡೀಬೌದಲ್ರಿ.”

ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಬ್ಬ ಕೂಲಿಯವನು ಮಾಡಬಹುದಾದದ್ದನ್ನು ಮಾಡಿದ್ದ. ನಾನು, ಅಕ್ಷರ ಬಲ್ಲವನು, ಸಹಿ ಮಾಡಿದ್ದೆ.

ಆಮೇಲಿನ ದಿನಗಳಲ್ಲಿ ನನಗೆ ಎಲ್ಲವೂ ಸಲೀಸಾಯಿತು. ರಸ್ತೆಯವರು ನನ್ನನ್ನು ಹುಬ್ಬಳ್ಳಿಯವರು ಅನ್ನುವುದು ಬಿಟ್ಟರು. ಗಣೇಶನ ಹಬ್ಬದ ಬ್ಯಾನರಿಗೆ ಅಕ್ಷರ ತಿದ್ದಲು ನನ್ನನ್ನೇ ಕರೆದರು. ರಂಗೇಗೌಡರು ಮುಂದೆ ನಿಂತು ನನ್ನ ಓಟಿನ ಚೀಟಿ ಇಲ್ಲಿಗೆ ಬದಲಾಯಿಸಿಕೊಟ್ಟರು. ಸಣ್ಣ ಜಯಗಳು ಎಂದು ಊರಿಗೆ ಬರೆಯುವವರು ಹೇಳಿಕೊಳ್ಳುತ್ತಾರಲ್ಲ, ಅವೆಲ್ಲ ನನಗೆ ಆ ವರ್ಷವೇ ಸಿಕ್ಕವು. ಒಂದೊಂದು ಸಿಕ್ಕಾಗಲೂ ಇದು ಯಾವುದಕ್ಕೆ ಸಿಕ್ಕಿತು ಎಂದು ಗೊತ್ತಿರುತ್ತಿತ್ತು.

ದಸರೆಗೆ ಹರಿಹರಕ್ಕೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ನನ್ನನ್ನು ಹೊಳೆಯ ದಂಡೆಯಲ್ಲಿ ನೋಡಿದಿರಿ. ಒಬ್ಬರು, “ಏನಪ್ಪ ಬೆಂಗ್ಳೂರವ್ರೆ, ನೀರು ನೋಡಾಕ್ ಬಂದ್ರೇನು?” ಎಂದು ತಮಾಷೆ ಮಾಡಿದಿರಿ. ನಾನು ನಗಲಿಲ್ಲ, ಅದಕ್ಕೆ ಕ್ಷಮೆಯಿರಲಿ. ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದೆ. ನಮ್ಮ ಸ್ನಾನಘಟ್ಟದ ಪಕ್ಕದಲ್ಲೇ ಒಂದು ಗಟಾರದ ಪೈಪು ಹೊಳೆಗೆ ಬೀಳುವುದನ್ನು ಅವತ್ತು ಮೊದಲ ಸಲ ಗಮನಿಸಿದೆ. ಅದು ಎಂದಿನಿಂದ ಇದೆ ಎಂದು ಕೇಳಿದರೆ, “ಮೊದ್ಲಿಂದೂ ಐತಿ” ಅಂದಿರಿ. ಮೊದಲಿಂದ ಇರಲಿಲ್ಲ. ನಾನು ಹುಟ್ಟಿ ಬೆಳೆದ ಘಟ್ಟ ಅದು. ಆದರೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಓಟು ಬೇರೆ ಕಡೆ ಹಾಕುವವನು, ಬೇರೆ ಊರಿನ ನದಿಯನ್ನು ಇಲ್ಲವೆಂದು ಬರೆದುಕೊಟ್ಟವನು, ಯಾವ ಮುಖದಿಂದ ಹೇಳುವುದು. ಬೆಂಗಳೂರಿನಲ್ಲಿ ನಾನು ‘ನಮ್ಮವ’ನಾಗಿದ್ದೇನೆ, ಹರಿಹರದಲ್ಲಿ ನೋಡಲು ಬಂದವನಾಗಿದ್ದೇನೆ. ಎರಡು ಕಡೆಯೂ ಬಾಯಿ ಮುಚ್ಚಿದ್ದೇ ಕೆಲಸ.

ವಾಪಸು ಬಂದ ಮೇಲೆ ಈ ಬರಹ ಶುರುಮಾಡಿದೆ. ಮುಗಿಸುವ ಮೊದಲು ನೀಲಮ್ಮನವರಿಗೆ ಓದಿ ಹೇಳಿದೆ, ಹಿತ್ತಲ ಬಾಗಿಲಲ್ಲಿ, ಬೆಳಿಗ್ಗೆ. ಹುಲಗಪ್ಪನ ಉಸುಕಿನ ಮಾತು ಬಂದಾಗ ಅವರು ಕೈಯೆತ್ತಿ ತಡೆದು ಮತ್ತೊಮ್ಮೆ ಓದಿಸಿದರು. ಮುಗಿದ ಮೇಲೆ ಕೇಳಿದೆ, “ಹಾಕ್ಲಾ ಬೇಡ್ವಾ ಅಮ್ಮಾ?”

“ನಾನು ಸುಳ್ಳು ಹೇಳ್ದೆ ಅಂತ ಬರ್ದಿದೀಯಲ್ಲ.”

“ಹೂಂ.”

“ಹೇಳ್ದೆ. ಇರ್ಲಿ ಬಿಡು. ಮನೆ ನಂಬರ್ ಮಾತ್ರ ಹಾಕ್ಬೇಡ, ಮೊಮ್ಮಕ್ಳು ಇದಾರೆ. ನನ್ನ ಹೆಸ್ರು ಹಾಕು.” ಸ್ವಲ್ಪ ತಡೆದು, “ನಿನ್ನ ಹೆಂಡ್ತಿಗೆ ಸಂಪು ತೋರ್ಸಿದ್ನಲ್ಲ, ಅದು ನಂಗೆ ಚುಚ್ಚುತ್ತೆ ಕಣಪ್ಪ. ಆದ್ರೆ ಏನ್ ತೋರ್ಸ್ಲಿ? ಮೋರಿ ತೋರ್ಸಿ, ಇದೇ ಹೊಳೆ, ಪೂಜೆ ಮಾಡು ಅನ್ಲಾ?” ಅಂದರು.

ರಂಗೇಗೌಡರಿಗೂ ಹೇಳಿದೆ. ಅವರು ನಕ್ಕರು. “ಹಾಕಿ, ಹಾಕಿ. ರಂಗೇಗೌಡ ಅಂತ ಇರೋರು ಈ ಪೇಟೆಯಲ್ಲಿ ಹತ್ತು ಜನ ಇದಾರೆ. ನಿಮ್ಮೂರ ಪುಸ್ತಕ ಇಲ್ಲಿ ಯಾರ್ ಓದ್ತಾರೆ?” ಎರಡು ಹೆಜ್ಜೆ ಹೋದವರು ತಿರುಗಿ ಬಂದರು. “ನೀರು ತಿಳಿಯಾಗಿತ್ತು ಅಂತ ಬರ್ದಿದೀರಾ?”

“ಬರ್ದೀನ್ರಿ.”

“ತಿಳಿಯಾಗೇ ಇತ್ತು” ಅಂದು ಹೋದರು.

ಆದ್ದರಿಂದ ಬರೆಯುತ್ತೇನೆ. ರಸ್ತೆಯ ಸಂಖ್ಯೆ ಕೊಟ್ಟಿಲ್ಲ, ಅದು ಮರೆವಿನಿಂದಲ್ಲ. ಉಳಿದದ್ದೆಲ್ಲ ಕಂಡ ಹಾಗೆಯೇ ಇದೆ. ಮಹಜರಿನಲ್ಲಿ ಐದು ಸಹಿ ಇವೆ. ಅದರಲ್ಲಿ ಮಹೇಶನೂ ಎದುರುಮನೆಯ ಮೇಷ್ಟ್ರೂ ಕಪ್ಪು ನೀರು ಮುಚ್ಚಿದ ಮೇಲೆ ಬಂದವರು, ತಿಳಿ ನೀರನ್ನು ಅವರು ಕಂಡಿಲ್ಲ. ವೃಷಭಾವತಿ ನದಿಯ ನೀರನ್ನು ಚಾಮರಾಜಪೇಟೆಯ ಏಳು ಮೆಟ್ಟಿಲ ಕೆಳಗೆ ಆ ಮಂಗಳವಾರ ಕಣ್ಣಾರೆ ನೋಡಿದವರು ನಾಲ್ವರು. ಮೂರನೆಯ ಮೆಟ್ಟಿಲು ಜಾರುತ್ತದೆ ಎಂದು ಬಲ್ಲ ನೀಲಮ್ಮ, ಎಪ್ಪತ್ತೆಂಟು ವರ್ಷ, ಈಗಲೂ ಅದೇ ಮನೆಯಲ್ಲಿದ್ದಾರೆ. ರಂಗೇಗೌಡ, ಸಂಘದ ಅಧ್ಯಕ್ಷರು. ಹುಲಗಪ್ಪ, ಈಗ ಬೇರೆ ಕಡೆ ಜೆಸಿಬಿ ನಡೆಸುತ್ತಿದ್ದಾನೆ, ಅವನ ಕೆಲಸ ಹೋಗದಿರಲಿ ಎಂದು ಎಲ್ಲಿ ಎಂದು ಬರೆಯುವುದಿಲ್ಲ. ತನ್ನ ಹೆಸರು ಹಾಕಲು ಫೋನಿನಲ್ಲಿ ಒಪ್ಪಿದ್ದಾನೆ. ನಾಲ್ಕನೆಯವನು ಹಾಲೇಶಪ್ಪ, ವಾಸ ಚಾಮರಾಜಪೇಟೆ, ಊರು ಹರಿಹರ. ನಾಲ್ವರೂ ಬದುಕಿದ್ದೇವೆ.